ಮುಕ್ರಮನ ಪಾಠ

ಚಿತ್ತಾಪುರ ದಾಟಿ ಸ್ವಲ್ಪ ದೂರ ಬಂದ ಮೇಲೆ ಪ್ಯಾಸೆಂಜರ್ ನಿಂತುಬಿಟ್ಟಿತು. ಸ್ಟೇಶನ್ನಿಲ್ಲ, ಗೇಟಿಲ್ಲ, ಎರಡೂ ಬದಿಗೆ ಮೊಣಕಾಲೆತ್ತರದ ತೊಗರಿ, ಅದರಾಚೆ ಸಿಮೆಂಟು ಕಾರ್ಖಾನೆಯ ಚಿಮಣಿಯ ತುದಿ. ರೈಲು ನಿಂತದ್ದೇ ಗಾಳಿಯೂ ನಿಂತು, ಶ್ರಾವಣದ ಸುರಿಯದ ಮೋಡದ ಧಗೆ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಬಂದು ಎಲ್ಲರ ಕುತ್ತಿಗೆಯ ಮೇಲೆ ಕೂತಿತು. ವಿಠ್ಠಲನಿಗೆ ಮೊದಲು ಅನಿಸಿದ್ದು ಸಮಾಧಾನ. ವಾಡಿಯಲ್ಲಿ ಹತ್ತಿದಾಗಿನಿಂದ ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಿದ್ದ ಮಾತನ್ನು ಚಕ್ರದ ಸದ್ದಿನ ಮೇಲೆ ಗಂಟಲೆತ್ತಿ ಹೇಳುವಂತಿರಲಿಲ್ಲ. ಈಗ ಮೆಲ್ಲಗೆ ಹೇಳಬಹುದು. ಮೆಲ್ಲಗೆ ಹೇಳಿದರೆ ಅದು ಅಷ್ಟು ದೊಡ್ಡ ಮಾತಾಗಿ ಕೇಳಿಸಲಿಕ್ಕಿಲ್ಲ. ಎದುರಿನ ಸೀಟಿನಲ್ಲಿ ಮುಕ್ರಮ ಕಣ್ಣು ಮುಚ್ಚಿ ಕೂತು ಪಾಠ ಒಪ್ಪಿಸುವವನಂತೆ ತುಟಿ ಅಲುಗಿಸುತ್ತಿದ್ದ. ಕೋಳಿಯ ಭ್ರೂಣ ಇರಬೇಕು, ಇಲ್ಲವೇ ಕಪ್ಪೆಯ ಹೃದಯ. ಯಾವ ಪಾಠ ಕೊಡುತ್ತಾರೆಂದು ಗೊತ್ತಿಲ್ಲದವನು ಏನೇನೆಲ್ಲ ನೆನಪಿಟ್ಟುಕೊಳ್ಳಬೇಕಾಗುತ್ತದೆ ಎಂದು ಯೋಚನೆ ಬಂದು ವಿಠ್ಠಲ ಮುಖ ತಿರುಗಿಸಿ ಹೊಲ ನೋಡಿದ.

ಇಬ್ಬರೂ ಶಹಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಶಬ್ದ ವಿಠ್ಠಲನ ಬಾಯಲ್ಲಿ ಎಂದೋ ರುಚಿ ಕಳೆದುಕೊಂಡಿತ್ತು. ಕರೆದರೆ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು, ತಲೆ ಬೆಳ್ಳಗಾಗುತ್ತ ಬಂದರೂ ಅತಿಥಿಯೇ. ಒಬ್ಬನ ಪಾಠಗಳನ್ನು ಇಬ್ಬರಿಗೆ ಹಂಚಿಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಕೂಡಿ ಒಂದೇ ಕುರ್ಚಿ. ಅವನು ಕ್ಲಾಸಿಗೆ ಹೋದಾಗ ಇವನು ಕೂಡುವುದು, ಇವನು ಹೋದಾಗ ಅವನು. ಎಷ್ಟೋ ಸಲ ವಿಠ್ಠಲ ಕೂತಾಗ ಕುರ್ಚಿ ಇನ್ನೂ ಬೆಚ್ಚಗಿರುತ್ತಿತ್ತು, ಆ ಬಿಸಿ ಆರುವವರೆಗೆ ಅವನು ತುದಿಯಲ್ಲೇ ಕೂತಿರುತ್ತಿದ್ದ. ಹುಡುಗರು ಹಿಂದಿನಿಂದ ಕರೆಯುವಾಗ ತಪ್ಪಿ ಒಬ್ಬನ ಹೆಸರಿನಿಂದ ಇನ್ನೊಬ್ಬನನ್ನು ಕರೆಯುತ್ತಿದ್ದರು. ಒಂದೇ ಎತ್ತರ, ಒಂದೇ ಬಗೆಯ ಚಷ್ಮಾ, ವಾಡಿಯ ಒಂದೇ ದರ್ಜಿ ಹೊಲಿದ ಪ್ಯಾಂಟು. ಇವತ್ತು ಸೇಡಂನ ಖಾಸಗಿ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆಗೆ ಸಂದರ್ಶನ, ಮಕ್ಕಳೆದುರು ಪಾಠ ಮಾಡಿ ತೋರಿಸುವುದು. ಕರೆ ಬಂದದ್ದು ಇವರಿಬ್ಬರಿಗೇ. ವಯಸ್ಸಿನ ಮಿತಿ ನೋಡಿದರೆ ಇಬ್ಬರಿಗೂ ಇದೇ ಕೊನೆಯ ಸಂದರ್ಶನ. ಮುಕ್ರಮ ಅದನ್ನೂ ನಗೆ ಮಾಡಿದ್ದ: ಯಾರಿಗಾದರೂ ಆಗಲಿ, ಉಳಿದವನಿಗೆ ಕುರ್ಚಿ ಪೂರ್ತಿ ಸಿಗುತ್ತದೆ. ವಿಠ್ಠಲನೂ ನಕ್ಕಿದ್ದ. ಅದು ಫೋನು ಬರುವುದಕ್ಕೆ ಮೊದಲು.

ಫೋನು ಬಂದದ್ದು ನಿನ್ನೆ ಬೆಳಿಗ್ಗೆ, ತಾಯಿ ಜಾನಕೀಬಾಯಿಗೆ. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಕಡೆಯಿದ್ದವರು ನೋಡುತ್ತಿದ್ದಾರೇನೋ ಎಂಬಂತೆ ಗೋಡೆಯ ಕಡೆ ಬಾಗಿ ಮಾತಾಡಿ, ಒದ್ದೆ ಕೈಯಲ್ಲೇ ಫೋನು ಮಗನಿಗೆ ಕೊಟ್ಟಳು. ಸೇಡಂ ಕಾಲೇಜಿನ ಕಾರ್ಯದರ್ಶಿ ದತ್ತುರಾಯರು. ಆಕೆಗೆ ದೂರದ ಸಂಬಂಧದಲ್ಲಿ ಅಣ್ಣನಾಗಬೇಕು. ಯಾವ ಮದುವೆಯಲ್ಲೋ ಆಕೆ ಅವರ ಹತ್ತಿರ ಮಗನ ಮಾತು ತೆಗೆದಿದ್ದಳೆಂದು ವಿಠ್ಠಲನಿಗೆ ಆಗಲೇ ಗೊತ್ತಾದದ್ದು. “ನಾಳೆ ಪಾಠಕ್ಕ ಬಾವಲಿ ಬರ್ತದ ನೋಡು ವಿಠ್ಠಲಾ,” ಎಂದರು ಅವರು, ಹವಾಮಾನದ ಸುದ್ದಿ ಹೇಳುವವರ ಹಾಗೆ. “ಯುರೋಪಿನ ಎರಡು ಬಾವಲಿ. ನೋಡಲಿಕ್ಕೆ ಒಂದೇ ಕಾಣಸ್ತಾವಂತ, ಅವುಗಳ ಭೇದ ಹೇಳಬೇಕಂತ. ಆಯ್ಕೆಗೆ ಬರೋ ಮೇಡಂ ವಿಷಯ ಕಳಿಸ್ಯಾರ. ನೋಡ್ಕೊಂಡು ಬಾ.” ವಿಠ್ಠಲ, ಆಯ್ತ್ರಿ ಮಾಮಾ, ಎಂದ. ಇಬ್ಬರಿಗೂ ಅದೇ ಪಾಠವೋ ಎಂದು ಕೇಳಬಹುದಿತ್ತು. ಕೇಳಿದ್ದರೆ ಉತ್ತರ ಬರುತ್ತಿತ್ತು, ಉತ್ತರ ಬಂದಮೇಲೆ ಏನಾದರೂ ಮಾಡಬೇಕಾಗುತ್ತಿತ್ತು. ಫೋನಿಟ್ಟ ಮೇಲೆ ಜಾನಕೀಬಾಯಿ ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ಆಕೆ ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಳು, ಅವನು ಮೊಬೈಲಿನಲ್ಲಿ ಬಾವಲಿ ಹುಡುಕುತ್ತ ಕೂತ. ಇಂಗ್ಲಿಷಿನ ಪುಟಗಳು ಒಂದರ ಮೇಲೊಂದು ಬಂದವು. ಎಲ್ಲ ಓದಿದ, ಏನೂ ತಲೆಯಲ್ಲಿ ನಿಲ್ಲಲಿಲ್ಲ. ಓದಿದ್ದನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂಬುದು ಅವನಿಗೆ ಯಾವತ್ತೂ ತಾನಾಗಿ ಬಂದದ್ದಲ್ಲ. ಸಂಜೆ ಎದ್ದು ಚಪ್ಪಲಿ ಮೆಟ್ಟಿ ರೈಲ್ವೆ ಕಾಲನಿಯ ಆಚೆಗೆ ಮುಕ್ರಮನ ಮನೆಗೆ ಹೋದ. ಬೇರೆ ಯಾರ ಹತ್ತಿರ ಹೋಗುವುದು? ಮಳಖೇಡದ ಕೋಟೆಯ ಬಾವಲಿಗಳ ಮೇಲೆ ಎಂ.ಫಿಲ್. ಮಾಡಿದವನು ಅವನೇ ತಾನೆ.

ಹುಡುಗನೊಬ್ಬ ಕೇಳಿದ, ಉತ್ತರ ಹೇಳಲಾಗಲಿಲ್ಲ ಎಂದು ವಿಠ್ಠಲ ಅಲ್ಲಿ ಹೇಳಿದ್ದು. ಮುಕ್ರಮ ಅವನನ್ನು ಒಂದು ಕ್ಷಣ ನೋಡಿ, ಬಾ ಮ್ಯಾಲ ಹೋಗೋಣು, ಎಂದು ಮಾಳಿಗೆಗೆ ಕರೆದುಕೊಂಡು ಹೋದ. ಹಾಸುಗಲ್ಲು ಇನ್ನೂ ಬಿಸಿಲಿನ ಕಾವು ಬಿಡುತ್ತಿತ್ತು. ಕೆಳಗಿನ ಸೂರಿನ ಸಂದಿಯಿಂದ ಸಣ್ಣ ಬಾವಲಿಗಳು ಒಂದೊಂದಾಗಿ ಜಾರಿಬಿದ್ದಂತೆ ಹೊರಬಂದು ಕತ್ತಲಿಗೆ ಸೇರುತ್ತಿದ್ದವು. ಮುಕ್ರಮ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಅಂಗೈಮೇಲಿಟ್ಟ. ಇದರಾಗ ಮಲಗಿಸಬಹುದು ಎರಡರಾಗ ಯಾವುದನ್ನಾದರೂ, ಎಂದ. ನೂರಾರು ವರ್ಷ ಅಲ್ಲಿನ ಪಂಡಿತರೆಲ್ಲ ಅವೆರಡನ್ನೂ ಒಂದೇ ಎಂದುಕೊಂಡಿದ್ದರು. ಅದೇ ಗಾತ್ರ, ಅದೇ ಕಂದು ಬಣ್ಣ, ಅದೇ ಸೂರು. ಆಮೇಲೆ ನಮ್ಮ ಕಿವಿಗೆ ಕೇಳದ ಕೂಗನ್ನು ಕೇಳಿಸುವ ಯಂತ್ರ ಬಂತು. ನಮ್ಮ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಕ್ಕೇ ಸೋಲುತ್ತದೆ. ಆ ಯಂತ್ರ ಹಿಡಿದು ನಿಂತವರಿಗೆ ಕೆಲವು ಬಾವಲಿ ನಲವತ್ತೈದು ಸಾವಿರದ ಹತ್ತಿರ, ಕೆಲವು ಐವತ್ತೈದು ಸಾವಿರದ ಹತ್ತಿರ ಕೂಗುವುದು ಕೇಳಿಸಿತು. ಆಮೇಲೆ ಬಾವಲಿಗಳನ್ನು ಹಿಡಿದು ನೋಡಲು ಶುರುಮಾಡಿದರು. ನಲವತ್ತೈದರದ್ದು ಮುಖ ಕಪ್ಪು, ಎಲ್ಲೆಂದರಲ್ಲಿ ಬದುಕುತ್ತದೆ. ಐವತ್ತೈದರದ್ದು ಮುಖ ತುಸು ಕೆಂಪಗೆ, ಮೂಗಿನ ಹೊಳ್ಳೆಗಳ ನಡುವೆ ಸಣ್ಣ ಏರು, ಹೊಳೆ ಕೆರೆಗಳ ದಂಡೆ ಅದಕ್ಕೆ ಹೆಚ್ಚು ಇಷ್ಟ. ಅಷ್ಟರಲ್ಲಿ ಎಲ್ಲೋ ಕುಕ್ಕರ್ ಕೂಗಿತು. ಮುಕ್ರಮ ಬೆರಳೆತ್ತಿದ. “ಈಗ ಸೀಟಿ ಹೊಡೀತಲ್ಲ, ಅದು ನಮ್ಮದಲ್ಲ, ಪಕ್ಕದ ಮನೀದು. ಎರಡೂ ಒಂದೇ ಕಂಪನಿ, ಒಂದೇ ಸೈಜು, ಒಂದೇ ಅಂಗಡ್ಯಾಗ ತಂದದ್ದು. ಆದ್ರ ಯಾವುದರ ಸೀಟಿ ಅಂತ ನಮ್ಮ ಮಹೆವಿಶಗ ಒಂದಿನಾನೂ ತಪ್ಪಿಲ್ಲ.” ಅಡುಗೆಮನೆಯಿಂದ ಅವನ ಹೆಂಡತಿ ಮಹೆವಿಶ ತನ್ನ ಹೆಸರು ಕೇಳಿ ಏನೆಂದು ವಿಚಾರಿಸಿದಳು, ಇವನು ನಗುತ್ತ ಏನಿಲ್ಲ ಎಂದ. ಆಮೇಲೆ ಹೇಳಿದ: “ಅವು ಎರಡಾದದ್ದು ನಾವು ಕೇಳಿದ ಮ್ಯಾಲ ಅಲ್ಲ. ಮೊದಲಿಂದ ಎರಡೇ. ಅವಕ್ಕ ಗೊತ್ತಿತ್ತು, ನಮಗ ಗೊತ್ತಿರಲಿಲ್ಲ ಅಷ್ಟ.” ವಿಠ್ಠಲ ಕೇಳಿದ, ಒಂದು ವೇಳೆ ನಡುವೆ, ಐವತ್ತರಲ್ಲಿ ಕೂಗಿದರೆ? ಐವತ್ತರಲ್ಲಿ ಕೂಗಿದರೆ ಯಾವುದೆಂದು ಹೇಳಲಿಕ್ಕೆ ಬರುವುದಿಲ್ಲ, ಹೇಳಲೂಬಾರದು, ಗೊತ್ತಿಲ್ಲ ಎಂದು ಬರೆಯಬೇಕು ಎಂದ ಮುಕ್ರಮ. ಇಳಿದು ಬರುವಾಗ ಮಹೆವಿಶ ಚಹಾ ಕೊಟ್ಟಳು. ಕುಡಿಯುತ್ತ ವಿಠ್ಠಲನಿಗೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಹೇಳು ಎಂದು ಇವನಿಗೆ ಯಾರು ಹೇಳಿದ್ದರು?

ಗೂಡ್ಸ್ ಗಾಡಿ ಬಂತು. ಸಿಮೆಂಟಿನ ಬೋಗಿಗಳು ಕಿಟಕಿಗೆ ಅಡ್ಡವಾಗಿ ಒಂದರ ಹಿಂದೊಂದು ಹೋಗುತ್ತಿದ್ದಂತೆ ಡಬ್ಬಿಯೊಳಗೆ ಬೆಳಕು ಬಂದು ಹೋಗಿ ಬಂದು ಹೋಗಿ ಮಾಡಿತು. ಮುಕ್ರಮನ ಮುಖ ಕಾಣಿಸಿ ಮರೆಯಾಗಿ ಮತ್ತೆ ಕಾಣಿಸುವಾಗ ಅವನ ಕಣ್ಣುಗಳು ತೆರೆದಿದ್ದವು, ನೇರ ಇವನನ್ನೇ ನೋಡುತ್ತಿದ್ದವು. ವಿಠ್ಠಲನ ಕೈ ಪ್ಯಾಂಟಿನ ಕಿಸೆಯಲ್ಲಿತ್ತು. ಅಲ್ಲಿ ಬೆರಳಿಗೆ ಕಡ್ಡಿಪೆಟ್ಟಿಗೆ ಸಿಕ್ಕಿತು. ಬೆಳಿಗ್ಗೆ ದೇವರಮನೆಯಿಂದ ಎತ್ತಿಕೊಂಡು ಬಂದದ್ದು. ಎತ್ತಿಕೊಳ್ಳುವಾಗ ಏನೂ ಯೋಚಿಸಿರಲಿಲ್ಲ ಎಂದು ತನಗೆ ತಾನು ಹೇಳಿಕೊಂಡ. ಆದರೆ ಅದರಲ್ಲಿದ್ದ ಕಡ್ಡಿಗಳನ್ನೆಲ್ಲ ದೀಪದ ತಟ್ಟೆಗೆ ಸುರಿದು ಖಾಲಿ ಮಾಡಿಕೊಂಡು ಬಂದಿದ್ದ. ಗೂಡ್ಸ್ ದಾಟಿದ ಮೇಲಿನ ನಿಶ್ಶಬ್ದದಲ್ಲಿ ಮುಕ್ರಮ ಕೇಳಿದ, “ನಿನಗ ಏನು ಕೊಡ್ತಾರ ಅನಸ್ತದ ಪಾಠಕ್ಕ?” ಇದಕ್ಕಿಂತ ಸಲೀಸಾದ ದಾರಿ ಇನ್ನು ಸಿಗುವಂತಿರಲಿಲ್ಲ. ಬಾಯಿ ತೆರೆದರೆ ಸಾಕು. ದತ್ತುರಾಯರು ಫೋನು ಮಾಡಿದ್ದರು, ನಾನು ಕೇಳಿರಲಿಲ್ಲ, ಅವ್ವ ಹೇಳಿದ್ದಳಂತೆ, ಬಾವಲಿಯಂತೆ, ನೀನೂ ನೆನಪು ಮಾಡಿಕೋ. ವಾಕ್ಯಗಳೆಲ್ಲ ಸಿದ್ಧವಾಗಿದ್ದವು. ಆದರೆ ಮೊದಲ ವಾಕ್ಯ ಹೇಳಿದರೆ ಹುಡುಗನೊಬ್ಬ ಕೇಳಿದ ಎಂದದ್ದು ಸುಳ್ಳಾಗುತ್ತದೆ. ನಿನ್ನೆಯ ಚಹಾ, ಮಾಳಿಗೆ, ಎಲ್ಲವೂ ಬೇರೆ ಬಣ್ಣಕ್ಕೆ ತಿರುಗುತ್ತವೆ. ಮತ್ತೆ ಮುಕ್ರಮ ಹಾಗೆಲ್ಲ ಸಿಟ್ಟಾಗುವವನಲ್ಲ, ನಕ್ಕುಬಿಡುತ್ತಾನೆ. ಆ ನಗುವನ್ನು ಹೊತ್ತು ಸೇಡಂ ತನಕ ಕೂಡಬೇಕು. “ಯಾರಿಗ್ಗೊತ್ತು,” ಎಂದ ವಿಠ್ಠಲ. ಮುಕ್ರಮ ತಲೆಯಾಡಿಸಿದ. ಚೀಲದಿಂದ ಬಾಳೆಹಣ್ಣು ತೆಗೆದು ಒಂದನ್ನು ಇವನಿಗೆ ಕೊಟ್ಟ. ವಿಠ್ಠಲ ಬೇಡವೆನ್ನದೆ ಸುಲಿದು ತಿಂದ. ತಿಂದ ಮೇಲೆ ಸಿಪ್ಪೆ ಎಲ್ಲಿ ಹಾಕುವುದೆಂದು ತಿಳಿಯದೆ, ಕಿಟಕಿ ಪಕ್ಕದಲ್ಲಿದ್ದರೂ, ರೈಲು ಹೊರಡುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದ.

ಕಾಲೇಜಿನ ವರಾಂಡದಲ್ಲಿ ದತ್ತುರಾಯರು ನಿಂತಿದ್ದರು. ವಿಠ್ಠಲ ಅಭ್ಯಾಸಬಲದಿಂದ ಕಾಲಿಗೆ ಬಗ್ಗಬೇಕೆಂದು ಬೆನ್ನು ಸಡಿಲಿಸುವಷ್ಟರಲ್ಲಿ ಅವರು ಅವನ ಭುಜದಾಚೆಗೆ ನೋಡುತ್ತ, ಯಾವ ಊರಿಂದ ಬಂದೀರಿ, ಎಂದು ಕೇಳಿದರು. ವಾಡಿಯಿಂದ್ರಿ, ಎಂದ ವಿಠ್ಠಲ. ನೀವು? ಎಂದು ಮುಕ್ರಮನನ್ನು ಕೇಳಿದರು. ಅವನೂ ವಾಡಿ ಎಂದ. ಓಹೋ ಇಬ್ಬರೂ ವಾಡಿಯವರೇ ಏನು, ಎಂದು ಅವರು ಮೆಚ್ಚಿದವರಂತೆ ನಕ್ಕು ಒಳಗೆ ಹೋದರು. ಆ ನಗುವಿನಲ್ಲಿ ತನಗೆ ಪ್ರತ್ಯೇಕವಾದ ಪಾಲೇನಾದರೂ ಇತ್ತೋ ಎಂದು ವಿಠ್ಠಲ ಹುಡುಕಿದ. ಇಲ್ಲದ್ದಕ್ಕೆ ಅವಮಾನವಾಯಿತು, ಅವಮಾನವಾದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು. ಆಯ್ಕೆಗೆ ವಿಷಯತಜ್ಞೆಯಾಗಿ ಬಂದವರು ನಾಹಿದ ಮೇಡಂ, ನಿವೃತ್ತ ಪ್ರಾಧ್ಯಾಪಕಿ, ಕಲಬುರಗಿಯಿಂದ ಕಾರಿನಲ್ಲಿ ಬಂದಿದ್ದರು. ಬಿಳಿ ಕೂದಲು, ಹತ್ತಿ ಸೀರೆ, ಮಾತಿನಲ್ಲಿ ಒಂದು ಶಬ್ದವೂ ಹೆಚ್ಚಿಲ್ಲ. ಮುಕ್ರಮನ ಅರ್ಜಿಯ ಮೇಲಿನ ಹೆಸರನ್ನು ಓದುವಾಗ ಅವರ ದನಿ ಒಂದಿಷ್ಟು ಬಿಗಿಯಾದದ್ದನ್ನು ವಿಠ್ಠಲ ಗಮನಿಸಿದ. ತಮ್ಮವನೆಂದು ಯಾರೂ ಅನ್ನಬಾರದೆಂಬ ಬಿಗಿ ಅದು. ಇಬ್ಬರಿಗೂ ಒಂದೇ ಪಾಠ, ಎಂದರು ಅವರು. ಯುರೋಪಿನ ಎರಡು ಪಿಪಿಸ್ಟ್ರೆಲ್ ಬಾವಲಿಗಳ ಹೋಲಿಕೆ. ಸಿದ್ಧತೆಗೆ ಸಮಯವಿಲ್ಲ. ಅರ್ಜಿ ಬಂದ ಕ್ರಮದಲ್ಲಿ ಮೊದಲು ವಿಠ್ಠಲ.

ಮುಕ್ರಮ ಅವನ ಪಕ್ಕದಲ್ಲೇ ನಿಂತಿದ್ದ. ವಿಠ್ಠಲ ತಿರುಗಿ ನೋಡಲಿಲ್ಲ. ನೋಡದೆಯೂ ಪಕ್ಕದಲ್ಲಿ ಉಸಿರೊಂದು ನಿಂತು ಮತ್ತೆ ಹೊರಟದ್ದು ಗೊತ್ತಾಯಿತು.

ಕ್ಲಾಸಿನಲ್ಲಿ ಹುಡುಗ ಹುಡುಗಿಯರು ಬೆಂಚು ತುಂಬ ಕೂತಿದ್ದರು. ಮೊದಲ ಕೆಲವು ವಾಕ್ಯ ಅವನವೇ ಆಗಿದ್ದವು, ವರ್ಗ, ಗಣ, ಕುಟುಂಬ, ಪುಸ್ತಕದ ಕನ್ನಡ. ಹಿಂದಿನ ಸಾಲಿನಲ್ಲೊಬ್ಬ ಆಕಳಿಸಿದ. ಆಗ ವಿಠ್ಠಲನ ಕೈ ಕಿಸೆಗೆ ಹೋಯಿತು. ಕಡ್ಡಿಪೆಟ್ಟಿಗೆಯನ್ನು ಅಂಗೈಮೇಲಿಟ್ಟು ಎತ್ತಿ ಹಿಡಿದ, ಇದರೊಳಗೆ ಮಲಗಿಸಬಹುದು ಎಂದ. ಬೆಂಚುಗಳ ಮೇಲೆ ಬೆನ್ನುಗಳು ನೆಟ್ಟಗಾದವು. ಆಮೇಲೆ ಅವನನ್ನು ಯಾರೋ ಕೈಹಿಡಿದು ನಡೆಸಿದಂತೆ ಆಯಿತು. ಕೇಳದ ಕೂಗು, ಕೇಳಿಸುವ ಯಂತ್ರ, ಕಪ್ಪು ಮುಖ, ಕೆಂಪು ಮುಖ. ಪಕ್ಕದ ಮನೆಯ ಕುಕ್ಕರು ಎಂದಾಗ ಹುಡುಗಿಯರು ನಕ್ಕರು. ನಮ್ಮ ಮನೆಯಲ್ಲಿ ಒಂದು ದಿನವೂ ತಪ್ಪಿಲ್ಲ ಎಂದು ಅವನು ಹೇಳಿದ. ಅವನ ಮನೆಯಲ್ಲಿ ಪಕ್ಕದ ಕುಕ್ಕರು ಕೇಳಿಸುವುದೇ ಇಲ್ಲ. ಮೊದಲಿಂದಲೂ ಎರಡೇ ಇದ್ದವು, ಅವುಗಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ ಎಂದಾಗ ನಾಹಿದ ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಇಷ್ಟು ವರ್ಷ ಪಾಠ ಮಾಡಿದರೂ ಕ್ಲಾಸೊಂದು ಹೀಗೆ ತನ್ನ ಕಡೆ ಬಾಗಿ ಕೂತದ್ದು ಅವನಿಗೆ ನೆನಪಿರಲಿಲ್ಲ. ಮುಕ್ರಮನಿಗೆ ದಿನಾ ಹೀಗೇ ಆಗುತ್ತಿರಬೇಕು. ಎಷ್ಟು ಸುಖವಿದೆ ಇದರಲ್ಲಿ, ಅವನು ಯಾವತ್ತೂ ಹೇಳಲೇ ಇಲ್ಲವಲ್ಲ. ಕೊನೆಗೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಐವತ್ತರಲ್ಲಿ ಕೂಗಿದರೆ? ಅದನ್ನು ಹೇಳಬಾರದ್ರಿ ಮೇಡಂ, ಎಂದ ವಿಠ್ಠಲ, ಗೊತ್ತಿಲ್ಲ ಅಂತ ಬರೀಬೇಕು. ಗೊತ್ತಿಲ್ಲ ಅನ್ನಲು ಧೈರ್ಯ ಬೇಕು, ಎಂದರು ಮೇಡಂ. ದತ್ತುರಾಯರು ಮೊಬೈಲಿನಿಂದ ತಲೆಯೆತ್ತದೆ ಮುಗುಳ್ನಕ್ಕರು.

ಹೊರಗೆ ಬಂದಾಗ ಮುಕ್ರಮ ಬಾಗಿಲ ಹತ್ತಿರವಿರಲಿಲ್ಲ. ವರಾಂಡದ ಆ ತುದಿಯಲ್ಲಿ, ನಳದ ಕೆಳಗೆ ಮುಖ ತೊಳೆಯುತ್ತಿದ್ದ. ಒಳಗಿನ ಮಾತು ಅಲ್ಲಿಗೆ ಕೇಳುವಂತಿರಲಿಲ್ಲ. ಜವಾನ ನಬೀಸಾಬ್, ಬಿಳಿ ಗಡ್ಡದ ನಿಧಾನದ ಮನುಷ್ಯ, ಅವನನ್ನು ಕರೆದು ಒಳಗೆ ಬಿಟ್ಟ. ಇಬ್ಬರೂ ಹೊಸ್ತಿಲ ಹತ್ತಿರ ಎದುರಾದರು. ದಾರಿ ಬಿಡಲು ವಿಠ್ಠಲ ಎಡಕ್ಕೆ ಸರಿದರೆ ಮುಕ್ರಮನೂ ಅದೇ ಬದಿಗೆ ಸರಿದ, ಬಲಕ್ಕೆ ಸರಿದರೆ ಬಲಕ್ಕೆ. ಆಗಲಾದರೂ ಹೇಳಬಹುದಿತ್ತು, ಕುಕ್ಕರು ಬೇಡ, ಕಡ್ಡಿಪೆಟ್ಟಿಗೆ ಬೇಡ ಎಂದು. ಎರಡೇ ಮಾತು. ವಿಠ್ಠಲ ಹೇಳಿದ್ದು, ಆರಾಮಾಗಿ ಮಾಡು, ಎಂದು.

ಅವನು ಕಿಟಕಿಯ ಹತ್ತಿರ ನಿಂತ. ದೂರ ಹೋಗಬೇಕೆಂದು ಕಾಲಿಗೆ ಹೇಳಿದರೂ ಕಾಲು ಹೋಗಲಿಲ್ಲ. ಸರಳುಗಳ ನಡುವಿನಿಂದ ಮುಕ್ರಮನ ಇಸ್ತ್ರಿಯ ಗೆರೆ ಮೂಡಿದ ಬೆನ್ನು ಕಾಣುತ್ತಿತ್ತು. ಬೋರ್ಡಿನ ಮೇಲೆ ಅವನು ಎರಡು ಸಣ್ಣ ಮುಖ ಬರೆಯುತ್ತಿದ್ದ, ಎಷ್ಟು ಸಲೀಸಾಗಿ, ಒಂದರ ಮೂಗಿನ ನಡುವೆ ಸಣ್ಣ ಏರು. ಆಮೇಲೆ ತಿರುಗಿ ಮಕ್ಕಳ ಕಡೆ ನೋಡಿ, ಇವು ಎಷ್ಟು ಸಣ್ಣವಂದ್ರ, ಎಂದು ತನ್ನ ಕಿಸೆಗೆ ಕೈ ಹಾಕಿ ಕಡ್ಡಿಪೆಟ್ಟಿಗೆ ತೆಗೆದ. ಒಬ್ಬ ಹುಡುಗಿ ಕಿಸಕ್ಕೆಂದಳು. ಮುಕ್ರಮ ಆಕೆಯ ಜೊತೆ ತಾನೂ ನಕ್ಕ. ಮಕ್ಕಳು ನಕ್ಕರೆ ಅವನಿಗೆ ಯಾವತ್ತೂ ಇಷ್ಟವೇ. ಕೂಗಿನ ಮಾತಿಗೆ ಬಂದ. ನಮ್ಮ ಮನ್ಯಾಗ ಒಂದು ಕುಕ್ಕರ್ ಅದ, ಎಂದ.

ಇಡೀ ಕ್ಲಾಸು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, ಪಕ್ಕದ ಮನೀದೂ ಅದ, ಎಂದರು. ನಗು ಎರಡನೆಯ ಸಲ, ಮೊದಲಿಗಿಂತ ಜೋರಾಗಿ ಎದ್ದಿತು. ವಿಠ್ಠಲನ ಕೈ ಕಿಟಕಿಯ ಸರಳು ಹಿಡಿದಿತ್ತು. ಮುಕ್ರಮನ ಬಾಯಿ ಮುಂದಿನ ಶಬ್ದಕ್ಕಾಗಿ ತೆರೆದೇ ಇತ್ತು. ಅವನು ಮೇಜಿನ ಕಡೆ ನೋಡಿದ. ಅಲ್ಲಿ, ಡಸ್ಟರಿನ ಪಕ್ಕದಲ್ಲಿ, ವಿಠ್ಠಲ ಮರೆತು ಬಿಟ್ಟುಬಂದ ಕಡ್ಡಿಪೆಟ್ಟಿಗೆ ಇತ್ತು. ಅದನ್ನು ನೋಡಿ, ತನ್ನದನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ. ಆಮೇಲೆ ಅವನು ಮಾಡಿದ್ದು ಪಾಠವಲ್ಲ. ಅಂಕಿಗಳನ್ನು ಹೇಳಿದ, ಮೂಗು, ರೆಕ್ಕೆ, ಆಹಾರ ಹೇಳಿದ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದ. ಅವನ ತೊದಲನ್ನು ವಿಠ್ಠಲ ಹಿಂದೆಂದೂ ಕೇಳಿರಲಿಲ್ಲ. ಒಳಗೆ ಹೋಗಬೇಕು, ಬಾಗಿಲು ನಾಲ್ಕು ಹೆಜ್ಜೆ ಇರಲಿಕ್ಕಿಲ್ಲ, ಹೋಗಿ ಅವನದು ಎಲ್ಲ ಅವನದು ಎಂದು ಹೇಳಬೇಕು ಎಂದು ವಿಠ್ಠಲ ಅಂದುಕೊಂಡ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಮನಸ್ಸಿನ ಇನ್ನೊಂದು ಮೂಲೆ, ಈಗ ಇವನಿಗೆ ಸಿಗಲಿಕ್ಕಿಲ್ಲ, ಎಂದು ತಣ್ಣಗೆ ಲೆಕ್ಕ ಹಾಕಿ ಮುಗಿಸಿತ್ತು. ನಬೀಸಾಬ್ ಅವನನ್ನು ನೋಡಿ, ಕುಂದ್ರಿ ಸರ್, ಎಂದು ಸ್ಟೂಲು ತಂದಿಟ್ಟ. ಅವನು ಕೂತ.

ಸ್ವಲ್ಪ ಹೊತ್ತಿಗೆ ಇಬ್ಬರನ್ನೂ ಒಟ್ಟಿಗೆ ಪ್ರಾಂಶುಪಾಲರ ಕೋಣೆಗೆ ಕರೆದರು. ಕೋಣೆಯಲ್ಲಿ ನಾಹಿದ ಮೇಡಂ ಮತ್ತು ದತ್ತುರಾಯರು ಮಾತ್ರ. ಮೇಡಂ ಇಬ್ಬರಿಗೂ ಕೂಡಲು ಹೇಳಲಿಲ್ಲ. “ಇಬ್ಬರಿಂದಲೂ ಅದೇ ಕುಕ್ಕರ್, ಅದೇ ಕಡ್ಡಿಪೆಟ್ಟಿಗೆ ಬಂತು,” ಎಂದರು. “ಇದು ಯಾರದು?”

ಗೋಡೆಯ ಮೇಲಿನ ಫ್ಯಾನು ಈ ಕಡೆ ತಿರುಗಿ ಬಂದು ಮತ್ತೆ ಆ ಕ‍ಡೆ ಹೋಯಿತು. ವಿಠ್ಠಲನಿಗೆ ಪಕ್ಕದಲ್ಲಿ ನಿಂತವನ ತೋಳಿನ ಬಿಸಿ ತಾಗುತ್ತಿತ್ತು. ಅವನದು ಎನ್ನುವುದಕ್ಕೆ ಎಷ್ಟು ಉಸಿರು ಬೇಕು? “ಇಬ್ಬರೂ ಕೂಡೇ ಓದೀವ್ರಿ ಮೇಡಂ,” ಎಂದ. ಅದು ಸುಳ್ಳೂ ಅಲ್ಲ. ಶಾಲೆಯಿಂದ ಹಿಡಿದು ಇಪ್ಪತ್ತು ವರ್ಷ ಕೂಡಿಯೇ ಓದಿದವರು.

ಮೇಡಂ ಮುಕ್ರಮನ ಕಡೆ ತಿರುಗಿದರು. ಹೌದ್ರಿ, ಕೂಡೇ ಓದೀವಿ, ಎಂದ ಅವನು.

“ಹಾಗಾದರೆ ಇವತ್ತಿನ ಪಾಠ ಮೊದಲೇ ಗೊತ್ತಿತ್ತೇನು?”

ದತ್ತುರಾಯರು ಆಗ ಮೊಬೈಲನ್ನು ಮೇಜಿನ ಮೇಲಿಟ್ಟರು. ಅವರು ವಿಠ್ಠಲನನ್ನು ನೋಡಲಿಲ್ಲ. ಮೊಬೈಲಿನ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸುತ್ತ ಕೂತರು.  ಒಂದು ಕ್ಷಣ ವಿಠ್ಠಲನಿಗೆ ನಿಜವಾಗಿಯೂ ಅನಿಸಿದ್ದು ಮುಕ್ರಮ ಎಲ್ಲವನ್ನೂ ಹೇಳಿಬಿಡಲಿ ಎಂದು. ಇವನೇ ಹೇಳಲಿ, ಮುಗಿದುಹೋಗಲಿ.

“ಬಾವಲಿ ನನ್ನ ಅಭ್ಯಾಸದ ವಿಷಯ ಅದರಿ ಮೇಡಂ,” ಎಂದ ಮುಕ್ರಮ. “ಯಾವಾಗ್ಲೂ ಅದೇ ಮಾತಾಡ್ತಿರ್ತೀನಿ. ಇವರು ಕೇಳಿ ಕೇಳಿ ಬ್ಯಾಸತ್ತಾರ.”

ಮೇಡಂ ಅವನನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಏನೋ ಮೃದುವಾಗಲು ಹೊರಟು, ಅವರೇ ಅದನ್ನು ತಡೆದಂತೆ ಕಂಡಿತು. ನಿಮ್ಮ ವಿಷಯ ಅಂತೀರಿ, ಎಂದರು, ಪಾಠ ಮಾತ್ರ ಅವರು ಚೆನ್ನಾಗಿ ಮಾಡಿದರು. ಮುಕ್ರಮ, ಹೌದ್ರಿ, ಎಂದ. ದತ್ತುರಾಯರು ಮೊಬೈಲು ಎತ್ತಿಕೊಂಡರು.

ಬಸ್ ಸ್ಟ್ಯಾಂಡಿನ ತನಕ ಇಬ್ಬರೂ ನಡೆದರು. ಮೋಡ ಹಾಗೇ ಇತ್ತು, ಮಳೆಯಿಲ್ಲ. ತಾನು ವಾಡಿಗೆ ಬರುವುದಿಲ್ಲವೆಂದು ಮುಕ್ರಮ ಹೇಳಿದ. ಚಿಂಚೋಳಿ ಕಡೆ ಕೊಡ್ಲಿಯಲ್ಲಿರುವ ಅಕ್ಕ ಲತೀಫಾಳ ಮನೆಗೆ ಹೋಗಿ ನಾಳೆ ಬರುತ್ತಾನಂತೆ. ಬೆಳಿಗ್ಗೆ ಆ ಯೋಚನೆ ಅವನಿಗಿರಲಿಲ್ಲವೆಂದು ವಿಠ್ಠಲನಿಗೆ ಗೊತ್ತಿತ್ತು. ಚಿಂಚೋಳಿ ಬಸ್ಸು ನಿಂತೇ ಇತ್ತು, ಡ್ರೈವರ್ ಇನ್ನೂ ಬಂದಿರಲಿಲ್ಲ. ನೆರಳಿಗಾಗಿ ಇಬ್ಬರೂ ಬಸ್ಸಿನ ಪಕ್ಕಕ್ಕೆ ನಿಂತರು. ಮುಕ್ರಮಾ, ಎಂದ ವಿಠ್ಠಲ. 

“ನನಗ ನಿನ್ನೇನೇ ಗೊತ್ತಾಗಿತ್ತು,” ಎಂದ ಮುಕ್ರಮ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಶಹಾಬಾದಿನ ಯಾವ ಹುಡುಗ ಯುರೋಪಿನ ಬಾವಲಿ ಕೇಳ್ತಾನಪಾ, ಅದೂ ಇಂಟರ್‌ವ್ಯೂ ಹಿಂದಿನ ದಿನ? ಯಾರೋ ನಿನಗ ಹೇಳ್ಯಾರ ಅಂತ ಮಾಳಗಿ ಮ್ಯಾಲೇ ತಿಳೀತು. ಇರ್ಲಿ, ನಿನ್ನ ಪಾಠ ಅದು, ನನಗ ಬ್ಯಾರೆ ಕೊಡ್ತಾರ ಅನ್ಕೊಂಡೆ. ರೈಲಿನ್ಯಾಗ ಹೇಳ್ತಿ ಅಂತ ಕಾದೆ. ಕೇಳೂ ಕೇಳಿದೆ.”

ಡ್ರೈವರ್ ಬಂದು ಬಾಗಿಲು ಎಳೆದ. ಮುಕ್ರಮ ಮೆಟ್ಟಿಲಿಗೆ ಕಾಲಿಟ್ಟು ನಿಂತ. “ಪಾಠ ಒಯ್ದದ್ದಕ್ಕ ಏನಿಲ್ಲ ವಿಠ್ಠಲ. ಮಹೆವಿಶಳ ಕುಕ್ಕರನೂ ಒಯ್ತಿ ಅಂತ ಅನ್ಕೊಂಡಿರಲಿಲ್ಲ.” ಹೇಳಿ ಹತ್ತಿ ಹೋಗಿ ಆ ಬದಿಯ ಕಿಟಕಿಗೆ ಕೂತ. ಬಸ್ಸು ತಿರುಗುವಾಗ ಈ ಬದಿಯಿಂದ ಅವನ ತಲೆಯ ಹಿಂಭಾಗ ಮಾತ್ರ ಕಂಡಿತು.

ವಿಠ್ಠಲ ಕಾಲೇಜಿಗೆ ಮರಳಿದ್ದು ಓಡುತ್ತಲೋ ನಡೆಯುತ್ತಲೋ ಅವನಿಗೇ ತಿಳಿಯಲಿಲ್ಲ. ದಾರಿಯುದ್ದಕ್ಕೂ ವಾಕ್ಯವೊಂದನ್ನು ಹಿಡಿದುಕೊಂಡು ಬಂದ: ಆ ಪಾಠ ನನ್ನದಲ್ಲ ಮೇಡಂ. ಅದರ ಮುಂದಿನದ್ದು ತಾನಾಗಿ ಬರುತ್ತದೆ, ದತ್ತುರಾಯರ ಹೆಸರು, ಅವ್ವನ ಫೋನು, ಎಲ್ಲ. ಬಂದಮೇಲೆ ಏನಾಗುತ್ತದೆಂದು ಯೋಚಿಸಬಾರದು. ಗೇಟಿನೊಳಗೆ ಮೇಡಂ ಅವರ ಕಾರು ಇನ್ನೂ ನಿಂತಿತ್ತು. ಅವರು ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ತೆರೆದಿಟ್ಟುಕೊಂಡೇ ದತ್ತುರಾಯರ ಮಾತು ಕೇಳುತ್ತಿದ್ದರು. ಮೆಟ್ಟಿಲ ಮೇಲೆ ನಬೀಸಾಬ್ ಬೀಗದ ಕೈಗೊಂಚಲು ಹಿಡಿದು ನಿಂತಿದ್ದ. ಏದುಸಿರು ಬಿಡುತ್ತ ವಿಠ್ಠಲ ಕಾರಿನ ಹತ್ತಿರ ಹೋದ. ದತ್ತುರಾಯರು ಮಾತು ನಿಲ್ಲಿಸಿದರು. ಇಡೀ ದಿನದಲ್ಲಿ ಮೊದಲ ಸಲ ಅವರು ಅವನನ್ನು ಗುರುತಿನವನಂತೆ ನೋಡಿದರು.

“ಏನಾದರೂ ಹೇಳಬೇಕಿತ್ತೇನು?” ಎಂದು ಮೇಡಂ ಕೇಳಿದರು. ಅವರ ದನಿಯಲ್ಲಿ ಅವಸರವಿರಲಿಲ್ಲ. ಅವರು ಕಾಯುತ್ತಿದ್ದರು, ಎಷ್ಟು ಹೊತ್ತಾದರೂ ಕಾಯುವವರಂತೆ ಅವನ ಮುಖದ ಮೇಲೆ ಕಣ್ಣಿಟ್ಟಿದ್ದರು.

“ನೀರಿನ ಬಾಟ್ಲಿ ಒಳಗ ಬಿಟ್ಟೀನ್ರಿ,” ಎಂದ ವಿಠ್ಠಲ.

ಮೇಡಂ ಇನ್ನೂ ಒಂದು ಕ್ಷಣ ನೋಡಿ, ಕೈಚಾಚಿ ಬಾಗಿಲು ಹಾಕಿಕೊಂಡರು. ಕಾರು ಗೇಟಿನ ಹತ್ತಿರ ನಿಧಾನಿಸಿ ರಸ್ತೆಗೆ ಇಳಿಯಿತು. ನಬೀಸಾಬ್, ಅವರದು ಬಾಟ್ಲಿ ಉಳದದಂತ, ನೋಡು, ಎಂದು ದತ್ತುರಾಯರು ಕೂಗಿ ಹೇಳಿ, ವಿಠ್ಠಲನ ಭುಜ ಒಮ್ಮೆ ತಟ್ಟಿ, ಜಾನಕಿಗೆ ಆಯ್ತು ಅಂತ ಹೇಳು, ಎಂದು ತಮ್ಮ ಮೋಟರ್‌ಸೈಕಲ್ಲಿನ ಕಡೆ ಹೋದರು. ನಬೀಸಾಬ್ ಆಗಲೇ ಹಾಕಿದ್ದ ಬೀಗ ತೆಗೆದ. ಬೇಡ ಬಿಡ್ರಿ, ಎಂದ ವಿಠ್ಠಲ. ಅಯ್ಯ, ಇರ್ಲೇಳ್ರಿ ಸರ್, ನೋಡ್ತೀನಿ, ಎಂದು ಮುದುಕ ಒಳಗೆ ಹೋದ. ಹಿಂದೆಯೇ ಹೋಗಿ ವಿಠ್ಠಲ ಹೊಸ್ತಿಲಲ್ಲಿ ನಿಂತ. ನಬೀಸಾಬ್ ಮೊದಲ ಬೆಂಚಿನ ಕೆಳಗೆ ಬಗ್ಗಿ ನೋಡಿದ, ಸೊಂಟಕ್ಕೆ ಕೈಕೊಟ್ಟು ಎದ್ದ, ಎರಡನೆಯದಕ್ಕೆ ಬಗ್ಗಿದ. ಸರ್ ಎಲ್ಲಿ ಕೂತಿದ್ರಿ, ಎಂದು ಕೇಳಿದ. ಮುಂದ, ಎಂದ ವಿಠ್ಠಲ. ಮುಂದೆ ಇಲ್ಲದ್ದಕ್ಕೆ ಮುದುಕ ಹಿಂದಿನ ಸಾಲುಗಳಿಗೆ ಹೋದ. ಬೆಂಚು ಸರಿಸುವ, ಬಗ್ಗುವ, ನಿಟ್ಟುಸಿರಿಡುವ ಸದ್ದು ಖಾಲಿ ಕ್ಲಾಸಿನಲ್ಲಿ ಒಂದಾದ ಮೇಲೊಂದು ಬರುತ್ತಿತ್ತು. ಸಾಕು ಎನ್ನಬೇಕೆಂದರೆ ಬಾಟ್ಲಿಯೇ ಇರಲಿಲ್ಲ ಎನ್ನಬೇಕು.

ಕೊನೆಯ ಸಾಲಿನಿಂದ ನಬೀಸಾಬ್ ಸಂತೋಷದಿಂದ ಎದ್ದ. ಕೈಯಲ್ಲಿ ಗುಲಾಬಿ ಮುಚ್ಚಳದ ಬಾಟ್ಲಿ, ಅರ್ಧ ನೀರು, ಮೈಮೇಲೆ ಹೂವಿನ ಚೀಟಿ ಅಂಟಿಸಿ ದುಂಡಗಿನ ಅಕ್ಷರದಲ್ಲಿ ಪ್ರಮಿತಾ ಎಂದು ಬರೆದಿತ್ತು. ಮುದುಕ ಅದರ ಧೂಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ, ಒರೆಸುವಾಗ ಹೆಸರಿನ ಮೇಲೆ ಅವನ ಬೆರಳು ಒಂದು ಗಳಿಗೆ ನಿಂತಿತು. “ಇದೇ ಏನ್ರಿ ಸರ್?” ಎಂದು ಕೇಳಿದ.

ಹೌದು, ಇದೇ, ಎಂದು ವಿಠ್ಠಲ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ.